ಬಾಗಿಲ ಮೇಲೆ 'ನಾಳೆ ಬಾ'

ಮೂರು ಗಂಟೆ! ನಮ್ಮ ಸರ್ಕಾರದ ಮೈಯಲ್ಲಿ ಇಷ್ಟು ಚುರುಕು ಎಲ್ಲಿ ಅಡಗಿತ್ತೋ ಕಾಣೆ. ಬೇಡವೆಂದು ಅಪ್ಪಣೆಯಾದ ಬರಹವನ್ನೋ ವಿಡಿಯೊವನ್ನೋ ತೆಗೆಯಲು ಜಾಲತಾಣಗಳಿಗೆ ಮೊದಲು 36 ಗಂಟೆಗಳ ಗಡುವಿತ್ತು. 2026ರ ಫೆಬ್ರುವರಿ 20ರಿಂದ ಅದು ಮೂರೇ ಗಂಟೆ. ಪಹಣಿಯಲ್ಲಿ ಅಜ್ಜನ ಹೆಸರಿನ ಒಂದು ದೀರ್ಘ ತಿದ್ದಿಸಲು ಎರಡು ಜೊತೆ ಚಪ್ಪಲಿ ಸವೆಸಿದವರು ನಮ್ಮ ನಡುವೆ ಇದ್ದಾರೆ. ಅವರಿಗೆ ನನ್ನದೊಂದು ಸಲಹೆ: ಆ ಪಹಣಿಯ ಚಿತ್ರದ ಕೆಳಗೆ ಸರ್ಕಾರಕ್ಕೆ ನಾಲ್ಕು ಮಾತು ಬೈದು ಫೇಸ್‌ಬುಕ್‌ಗೆ ಹಾಕಿಬಿಡಿ. ಊಟ ಮುಗಿಸಿ ಒಂದು ನಿದ್ದೆ ತೆಗೆದು ಏಳುವಷ್ಟರಲ್ಲಿ ಕಡತ ವಿಲೇವಾರಿ. ಇಷ್ಟು ವರ್ಷ 'ಸಕಾಲ'ಕ್ಕೆ ಕೂಡಿಬಾರದ ಕಾಲ ಅಳಿಸುವ ಕೆಲಸಕ್ಕೆ ಕೂಡಿಬಂತು.

ಇಂಥ ಸಡಗರ ಕಂಡಾಗಲೆಲ್ಲ ನನಗೆ ನೆನಪಾಗುವುದು 'ನಾಳೆ ಬಾ'. ತೊಂಬತ್ತರ ದಶಕದಲ್ಲಿ, ರಾತ್ರಿ ಹೊತ್ತು ದೆವ್ವವೊಂದು ಮನೆಮಂದಿಯ ದನಿಯಲ್ಲೇ ಕೂಗಿ ಬಾಗಿಲು ತಟ್ಟುತ್ತದೆ ಎಂಬ ಪುಕಾರು ಹಬ್ಬಿ, ಬೀದಿಗೆ ಬೀದಿಯೇ ಬಾಗಿಲ ಮೇಲೆ ಸುಣ್ಣದಲ್ಲೋ ಇದ್ದಿಲಿನಲ್ಲೋ 'ನಾಳೆ ಬಾ' ಎಂದು ಬರೆದುಕೊಂಡಿತ್ತು. ದೆವ್ವ ಅದನ್ನು ಓದಿ, ಆಗಲಿ ಎಂದು ಹಿಂದಿರುಗಬೇಕು. ಮರುದಿನ ಬಂದರೆ ಮತ್ತೆ ಅದೇ ಬರಹ. ದೆವ್ವಕ್ಕೆ ಕನ್ನಡ ಓದಲು ಬರುತ್ತದೆ, ಹಿತ್ತಿಲ ಬಾಗಿಲು ಮಾತ್ರ ಗೊತ್ತಿಲ್ಲ ಎಂಬ ನಂಬಿಕೆಯ ಮೇಲೆ ಊರು ನಿದ್ದೆ ಮಾಡುತ್ತಿತ್ತು. ನಮ್ಮ ಬೀದಿಯ ಕೊನೆಯ ಮನೆಯವರು ಇನ್ನೂ ಜಾಣರು, 'ನಾಡಿದ್ದು ಬಾ' ಎಂದು ಬರೆದಿದ್ದರು. ದೆವ್ವಕ್ಕೂ ಓಡಾಟ ತಪ್ಪಲಿ ಎಂದಿರಬೇಕು.

ಅಂತರ್ಜಾಲಕ್ಕೆ ಸರ್ಕಾರಗಳು ಅರೆಯುವುದೂ ಇದೇ ಮದ್ದು. ಆಸ್ಟ್ರೇಲಿಯಾದವರು 2007ರಲ್ಲಿ 8.4 ಕೋಟಿ ಡಾಲರ್ ಸುರಿದು ಮಕ್ಕಳ ಕಣ್ಣಿಗೆ ಕೆಟ್ಟದ್ದು ಬೀಳದಂತೆ ಸೋಸುವ ತಂತ್ರಾಂಶ ತಂದರು. ಮೆಲ್ಬರ್ನ್‌ನ 16 ವರ್ಷದ ಹುಡುಗನೊಬ್ಬ ಅರ್ಧ ಗಂಟೆಯಲ್ಲಿ ಹಿತ್ತಿಲ ಬಾಗಿಲು ತೆರೆದು ತೋರಿಸಿದ. ನಮ್ಮಲ್ಲೂ ಇಂಥ ತಡೆ ದಾಟಿಸುವ ವಿಪಿಎನ್ ಎಂದರೇನೆಂದು ತಿಳಿಯದ ಪಿಯುಸಿ ಹುಡುಗ ಯಾರಾದರೂ ಉಳಿದಿದ್ದರೆ ಹುಡುಕಿ ತನ್ನಿ, ಶಾಲು ಹೊದಿಸೋಣ.

ದೆವ್ವ ಹೇಗೋ ಒಳಗೆ ಬರುತ್ತದೆ. ಹೊರಗೆ ಉಳಿಯುವವರು ಮನೆಯವರೇ. 2003ರಲ್ಲಿ ಮೇಘಾಲಯದ ಪ್ರತ್ಯೇಕತಾವಾದಿಗಳದ್ದೆನ್ನಲಾದ ಒಂದು ಸಣ್ಣ ಯಾಹೂ ಗುಂಪನ್ನು ತಡೆಯಿರಿ ಎಂದು ದೆಹಲಿಯಿಂದ ಅಪ್ಪಣೆ ಹೊರಟಿತು. ಒಂದನ್ನೇ ಹೆಕ್ಕುವುದು ಹೇಗೆಂದು ಅಂತರ್ಜಾಲ ಒದಗಿಸುವ ಕಂಪನಿಗಳಿಗೆ ಬಗೆಹರಿಯಲಿಲ್ಲ. ಯಾಹೂ ಗುಂಪುಗಳನ್ನೆಲ್ಲ ಸಾರಾಸಗಟಾಗಿ ಮುಚ್ಚಿದವು. ತಿಗಣೆ ಕಾಟಕ್ಕೆ ಮನೆ ಸುಟ್ಟ ಈ ಪಾಠವನ್ನು ಚೆನ್ನಾಗಿ ಕಲಿತು, 2006ರಲ್ಲಿ ಬೆರಳೆಣಿಕೆಯ ತಾಣಗಳಿಗಾಗಿ ಬ್ಲಾಗ್‌ಸ್ಪಾಟ್‌ಗೇ ಬೀಗ ಹಾಕಿದರು.

2022ರಲ್ಲಿ ಸರದಿ ವಿಎಲ್‌ಸಿಯದ್ದು. ಅದೇ, ರಸ್ತೆ ಅಗೆದಲ್ಲಿ ಇಡುವ ಕಿತ್ತಳೆ ಬಣ್ಣದ ಶಂಕುವಿನ ಗುರುತಿನದು. ಸಿ.ಡಿ. ಕಾಲದಿಂದ ನಮ್ಮ ಮನೆಗಳ ಮದುವೆ ಮುಂಜಿಗಳನ್ನು ಬಿಡಿಗಾಸು ಕೇಳದೆ ತೋರಿಸುತ್ತ ಬಂದ ಬಡಪಾಯಿ. ಮಾವನವರ ಷಷ್ಟ್ಯಬ್ದಿಯ ವಿಡಿಯೊ ಅವರ ಹೊಸ ಲ್ಯಾಪ್‌ಟಾಪ್‌ನಲ್ಲಿ ಓಡುತ್ತಿಲ್ಲವೆಂದು, ಅಳಿಯನ ಜಾಣ್ಮೆ ತೋರಿಸಲು, ಅದನ್ನು ಇಳಿಸಿಕೊಳ್ಳಲು ಕುಳಿತೆ. ಸರ್ಕಾರದ ಆದೇಶದ ಮೇರೆಗೆ ಈ ತಾಣವನ್ನು ತಡೆಹಿಡಿಯಲಾಗಿದೆ ಎಂಬ ಒಕ್ಕಣೆ ಪರದೆಯ ತುಂಬ ಬಂತು. ಮಾವನವರು ಕನ್ನಡಕ ಏರಿಸಿ ಅದನ್ನು ಓದಿದರು. ನನ್ನ ಮುಖ ನೋಡಿದರು. ಮತ್ತೊಮ್ಮೆ ಓದಿದರು.

"ಸರ್ಕಾರ ತಡೆಯುವಂಥದ್ದು ಏನಿರುತ್ತದೆ ಅಳಿಯಂದಿರೇ ಅದರಲ್ಲಿ?"

"ಏನೂ ಇಲ್ಲ ಮಾವ, ವಿಡಿಯೊ ನೋಡುವ ತಂತ್ರಾಂಶ ಅಷ್ಟೆ."

"ಅದೇ ಕೇಳಿದ್ದು. ಎಂಥ ವಿಡಿಯೊ?"

ಅತ್ತೆ ಕಾಫಿ ಲೋಟ ಮೇಜಿನ ಮೇಲಿಟ್ಟು ಸರಕ್ಕನೆ ಒಳಗೆ ಹೋದರು.

ಏಕೆ ತಡೆದರೆಂದು ಮಾಹಿತಿ ಹಕ್ಕಿನಡಿ ಕೇಳಿದವರಿಗೆ ಸಚಿವಾಲಯ ಕೊಟ್ಟ ಉತ್ತರ, ತನ್ನ ಬಳಿ ಮಾಹಿತಿ ಇಲ್ಲ ಎಂದು. ಇದ್ದರೂ ಹೇಳಬೇಕಾಗಿಲ್ಲ ಬಿಡಿ. ತಾಣಗಳನ್ನು ತಡೆಯಲೆಂದೇ ಇರುವ 2009ರ ನಿಯಮಾವಳಿಯ 16ನೇ ನಿಯಮದಂತೆ ದೂರೂ ಗೋಪ್ಯ, ಅದರ ಮೇಲೆ ಕೈಗೊಂಡ ಕ್ರಮವೂ ಗೋಪ್ಯ. ಗರ್ಭಗುಡಿಯಲ್ಲಾದರೂ ಮಂಗಳಾರತಿಯ ಹೊತ್ತಿಗೆ ಪರದೆ ಸರಿಸುತ್ತಾರೆ.

ಇದನ್ನು ತೆಗೆಯಿರಿ ಎಂದು ಅಧಿಕಾರಿಗಳು ಜಾಲತಾಣಗಳಿಗೆ ನೋಟಿಸ್ ಕಳಿಸುವ ಕೇಂದ್ರದ 'ಸಹಯೋಗ್' ಪೋರ್ಟಲ್ ವಿರುದ್ಧ ಎಕ್ಸ್ ಕಂಪನಿ ನಮ್ಮ ಹೈಕೋರ್ಟ್‌ಗೆ ಬಂದ ಕಥೆ ನಿಮಗೆ ಗೊತ್ತಿದೆ. ಹೆಸರೇ ಎಷ್ಟು ಮುದ್ದು! ಮೇಷ್ಟ್ರು ತಮ್ಮ ಬೆತ್ತಕ್ಕೆ 'ಸ್ನೇಹ' ಎಂದು ಹೆಸರಿಟ್ಟ ಹಾಗೆ. ಹೈದರಾಬಾದ್ ಬಳಿ ಮಹಿಳೆಯೊಬ್ಬರು ಹಳಿಯ ಮೇಲೆ ಕಾರು ಓಡಿಸಿದ್ದರಲ್ಲ, ಆ ವಿಡಿಯೊ ತೆಗೆಯಿರಿ ಎಂದು ರೈಲ್ವೆಯವರು ಎಕ್ಸ್‌ಗೆ ನೋಟಿಸ್ ಕೊಟ್ಟಿದ್ದರು. ಕಂಡಕಂಡ ಟಾಮ್, ಡಿಕ್, ಹ್ಯಾರಿಗೆಲ್ಲ ಈ ಅಧಿಕಾರವೇ ಎಂದು ಕಂಪನಿಯ ವಕೀಲರು ಕೇಳಿದ್ದಕ್ಕೆ ಕೇಂದ್ರದ ಪರ ವಾದಿಸುವ ಸಾಲಿಸಿಟರ್ ಜನರಲ್ ಸಿಡಿದರು. ಇನ್ನೊಂದು ದಿನ ಅವರೇ 'ಸುಪ್ರೀಂ ಕೋರ್ಟ್ ಆಫ್ ಕರ್ನಾಟಕ' ಎಂಬ ಖೋಟಾ ಖಾತೆಯನ್ನು ತೋರಿಸಿ, ಇದಕ್ಕೂ ಎಕ್ಸ್ ಅಧಿಕೃತವೆಂಬ ಗುರುತು ಕೊಟ್ಟಿದೆ ನೋಡಿ ಎಂದರು. ಎಕ್ಸ್‌ನ ಒಡೆಯರ ಮೇಲೆ ನನಗೇನೂ ಮಮತೆಯಿಲ್ಲ, ಆ ಖಾತೆ ಕಂಡು ನಾನೂ ನಕ್ಕೆ. 2025ರ ಸೆಪ್ಟೆಂಬರ್ 24ರಂದು ಅರ್ಜಿ ವಜಾ ಆಯಿತು.

ದೆಹಲಿಗಿಂತ ನಾವೇನು ಕಡಿಮೆ? ಅದೇ ವರ್ಷ ಜೂನ್‌ನಲ್ಲಿ ಹೊರಬಿದ್ದ ರಾಜ್ಯದ ಸುಳ್ಳು ಸುದ್ದಿ ತಡೆ ಕರಡು ಮಸೂದೆಯಲ್ಲಿ 7 ವರ್ಷ ಜೈಲು, 10 ಲಕ್ಷ ರೂಪಾಯಿ ದಂಡ ಎಂದಿತ್ತು. ಅದರಲ್ಲಿ ಸನಾತನ ಸಂಕೇತಗಳಿಗೆ ಅಗೌರವ ತೋರುವುದೂ ತಪ್ಪು, ಮೂಢನಂಬಿಕೆ ಹರಡುವುದೂ ತಪ್ಪು. ಯೂಟ್ಯೂಬ್‌ನ ರಾಶಿಫಲದವರನ್ನು ಬಿಟ್ಟರೆ ಒಂದು ಕಲಮು, ಹಿಡಿದರೆ ಇನ್ನೊಂದು. ಸಾಹಿತ್ಯದ ಬಗ್ಗೆ ಬರೆಯುವುದಿದ್ದರೂ ಅಧಿಕೃತ ಸಂಶೋಧನೆಯ ಆಧಾರ ಬೇಕಂತೆ. ಸಾಹಿತಿಗಳು ಇನ್ನು ಅಡಿಟಿಪ್ಪಣಿ ಸಮೇತ ಜಗಳವಾಡಬೇಕು. ಗಲಾಟೆ ಎದ್ದ ಮೇಲೆ, ಅದು ಬರೀ ಕರಡು ಎಂದರು.

ಕಾಶ್ಮೀರದ ಪಟ್ಟಿಯ ಬಗ್ಗೆಯೂ ಒಂದು ಹಾಸ್ಯ ಬರೆಯಬೇಕೆಂದಿದ್ದೆ. 2019ರ ಆಗಸ್ಟ್‌ನಲ್ಲಿ ಪೂರ್ತಿ ಕಡಿದ ಅಂತರ್ಜಾಲವನ್ನು 2020ರ ಜನವರಿಯಲ್ಲಿ ಮರಳಿಸುವಾಗ ಸರ್ಕಾರ ನೋಡಲು ಬಿಟ್ಟದ್ದು 153 ತಾಣಗಳನ್ನು, ಅದೂ 2ಜಿಯಲ್ಲಿ. ಪಟ್ಟಿಯಲ್ಲಿ ನೆಟ್‌ಫ್ಲಿಕ್ಸ್ ಇತ್ತು. 2ಜಿಯಲ್ಲಿ ನೆಟ್‌ಫ್ಲಿಕ್ಸ್! ಮುಂದೆ ಬರೆಯಲಾಗಲಿಲ್ಲ. ಅದರ ಬೆನ್ನಿಗೇ ಕೊರೊನಾ ಬಂತು. ದೇಶದ ಮಕ್ಕಳು ಮೊಬೈಲ್‌ನಲ್ಲಿ ಪಾಠ ಕೇಳುತ್ತಿದ್ದಾಗ ಅಲ್ಲಿನ ಮಕ್ಕಳಿಗೆ ಮೇಷ್ಟ್ರ ಮುಖ ಮೂಡುತ್ತಿರಲಿಲ್ಲ, ವೈದ್ಯರಿಗೆ ಚಿಕಿತ್ಸೆಯ ಕೈಪಿಡಿ ಇಳಿಯುತ್ತಿರಲಿಲ್ಲ. ಕಣಿವೆಗೆಲ್ಲ 4ಜಿ ಬಂದದ್ದು 2021ರ ಫೆಬ್ರುವರಿಯಲ್ಲಿ. ಹದಿನೆಂಟು ತಿಂಗಳು. ಆಗ ನಾನೂ ಒಂದು ಸಾಲು ಬರೆಯಲಿಲ್ಲ. ನನ್ನ ಮನೆಯ ವೈಫೈ ಚೆನ್ನಾಗಿಯೇ ಇತ್ತು.

ವಿಎಲ್‌ಸಿಯ ತಡೆಯನ್ನು 2022ರ ನವೆಂಬರ್‌ನಲ್ಲಿ ತೆರವು ಮಾಡಿದರು. ಸುದ್ದಿ ಓದಿದವನೇ ಮಾವನವರಿಗೆ ಫೋನ್ ಮಾಡಿದೆ.

"ಹೌದೇ? ಏಕೆ ತಡೆದಿದ್ದರಂತೆ?"

"ಹೇಳಿಲ್ಲ ಮಾವ."

"ಈಗೇಕೆ ಬಿಟ್ಟರು?"

"ಅದನ್ನೂ ಹೇಳಿಲ್ಲ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಇರಲಿ ಅಳಿಯಂದಿರೇ. ಆದದ್ದಾಯಿತು. ಇನ್ನು ಮುಂದೆ ಅಂಥದ್ದೆಲ್ಲ ನೋಡಬೇಡಿ," ಎಂದು ಫೋನ್ ಇಟ್ಟರು.