ರಕ್ತ ಬಂದ್ರೆ ಮಾತ್ರ ಗಾಯವೇ?

ಮುಧೋಳದ ಕಡೆಯ ನಮ್ಮ ವಾಟ್ಸಾಪ್ ಗುಂಪಿಗೆ ಮತ್ತೆ ಒಂದು ಫಾರ್ವರ್ಡ್ ಬಂದಿದೆ: ‘ಜಗಳದಲ್ಲಿ ರಕ್ತ ಬರದಿದ್ದರೆ ಕೇಸ್ ಆಗಲ್ಲ. ಆರು ಹೊಲಿಗೆ ಬಿದ್ದರೆ ಗಂಭೀರ ಗಾಯ.’ ಎರಡೂ ತಪ್ಪು.

2024ರ ಜುಲೈ 1ರಿಂದ ಹಳೆಯ ಅಪರಾಧ ಕಾನೂನಾದ ಐಪಿಸಿ (ಭಾರತೀಯ ದಂಡ ಸಂಹಿತೆ) ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಇದೆ. ಅದರ ಪ್ರಕಾರ ‘ಇಂಜುರಿ’ ಅಂದರೆ ಮೈಗಷ್ಟೇ ಅಲ್ಲ, ಮನಸ್ಸು, ಮರ್ಯಾದೆ, ಆಸ್ತಿಗೆ ಕಾನೂನುಬಾಹಿರವಾಗಿ ಮಾಡಿದ ಹಾನಿಯೂ ಹೌದು. ಮೈಗೆ ಆಗುವ ‘ಹರ್ಟ್’ ಬೇರೆ. ಅದಕ್ಕೆ ನೋವಾದರೆ ಸಾಕು, ರಕ್ತ ಬರಲೇಬೇಕಂತಿಲ್ಲ.

ಗಂಭೀರ ಗಾಯಕ್ಕೆ 116ನೇ ಕಲಮು ಪಟ್ಟಿಯನ್ನೇ ಕೊಡುತ್ತದೆ. ಕಣ್ಣು ಅಥವಾ ಕಿವಿ ಶಾಶ್ವತವಾಗಿ ಹೋಗುವುದು, ಮುಖ ಶಾಶ್ವತವಾಗಿ ವಿಕಾರವಾಗುವುದು, ಮೂಳೆ ಅಥವಾ ಹಲ್ಲು ಮುರಿಯುವುದು, ಜೀವಕ್ಕೆ ಅಪಾಯ ಬರುವುದು, ಹೀಗೆ. 15 ದಿನ ತೀವ್ರ ನೋವು ಕಾಡಿದರೂ, ಅಷ್ಟು ದಿನ ದಿನನಿತ್ಯದ ಕೆಲಸ ಮಾಡಲಾಗದಿದ್ದರೂ ಗಂಭೀರವೇ. ಐಪಿಸಿಯಲ್ಲಿ ಇದು 20 ದಿನವಿತ್ತು. ಹೊಲಿಗೆಯ ಲೆಕ್ಕ ಎಲ್ಲೂ ಇಲ್ಲ.

ಕಬ್ಬಿನ ಹೊಲದ ಬದುವಿಗಾಗಿ ಇಬ್ಬರು ಕಿತ್ತಾಡಿದರು ಅನ್ನಿ. ಒಬ್ಬನ ತೋಳಿಗೆ ಹತ್ತು ಹೊಲಿಗೆ, ಇನ್ನೊಬ್ಬನ ಒಂದು ಹಲ್ಲು ಮುರಿಯಿತು. ನೋಡುವವರಿಗೆ ತೋಳೇ ದೊಡ್ಡದು, ಅಲ್ವಾ? ಕಾನೂನಿಗೆ ಹಲ್ಲು ಗಂಭೀರ. ತೋಳಿನದು ಸಾದಾ ಗಾಯವೇ ಆಗಬಹುದು.

ಈ ಸುದ್ದಿ ಹುಟ್ಟಿದ್ದಕ್ಕೂ ಕಾರಣ ಇರಬಹುದು. ಆಯುಧ ಬಳಸದ ಸಾದಾ ಗಾಯವಷ್ಟೇ ಇದ್ದರೆ, ಪೊಲೀಸರು ತನಿಖೆಗೆ ಮ್ಯಾಜಿಸ್ಟ್ರೇಟ್ ಅನುಮತಿ ಪಡೆಯಬೇಕು. ಅದನ್ನೇ ಜನ ‘ಕೇಸ್ ಆಗಲ್ಲ’ ಅಂತ ತಿಳಿದಿರಬೇಕು. ಪೆಟ್ಟು ಬಿದ್ದರೆ ಸುಮ್ನೆ ಮನೆಯಲ್ಲಿ ಕೂರದೆ ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ವೈದ್ಯರು ಬರೆಯುವ ವೂಂಡ್ ಸರ್ಟಿಫಿಕೇಟ್ ಮುಂದೆ ಬೇಕಾಗುತ್ತದೆ.