ರದ್ದಿಯವನು ಬರುವ ಮೊದಲು

ಮುಂಬೈಯಲ್ಲಿ ಬೊಜ್ಜದ (ಉತ್ತರಕ್ರಿಯೆಯ) ಊಟ ಮುಗಿದು ವಾರವಾಗುವಷ್ಟರಲ್ಲಿ ರದ್ದಿಯವನ ತಕ್ಕಡಿ ಮನೆಬಾಗಿಲಿಗೆ ಬಂದಿರುತ್ತದೆ. ಒಂದೇ ಕೋಣೆಯಲ್ಲಿ ನಾಲ್ಕು ಜನ ಮಲಗುವ ಮನೆಯವರನ್ನು ದೂರಿ ಪ್ರಯೋಜನವಿಲ್ಲ. ತೀರಿಕೊಂಡ ಗೆಳೆಯ ಕೂಡಿಟ್ಟ ಅರವತ್ತರ ದಶಕದ ಮರಾಠಿ ಲಿಟಲ್ ಮ್ಯಾಗಝೀನು (ಲೇಖಕರೇ ಕೈದುಡ್ಡಿನಲ್ಲಿ ತರುತ್ತಿದ್ದ ಸಣ್ಣ ಪತ್ರಿಕೆ), 1972ರಲ್ಲಿ ಇದೇ ಊರಲ್ಲಿ ಹುಟ್ಟಿದ ದಲಿತ ಯುವಕರ ಬಂಡಾಯ ಸಂಘಟನೆ ದಲಿತ ಪ್ಯಾಂಥರ್ ಕಾಲದ ಕರಪತ್ರ, ಎಲ್ಲ ಅವರಿಗೆ ಕಿಲೋ ಲೆಕ್ಕದ ಕಾಗದ. ಇಲ್ಲಿ ಶ್ರದ್ಧಾಂಜಲಿ ಬರೆಯುವುದು ಆಮೇಲಾಗಲಿ, ಮೊದಲು ಆ ಕಾಗದದ ಪೆಟ್ಟಿಗೆಯನ್ನು ಕೇಳಿ ತನ್ನಿ.

ತಂದ ಕೂಡಲೇ ವಿಂಗಡಿಸಲು ಕೂರಬೇಡಿ. ಯಾವುದರ ಕೆಳಗೆ ಯಾವುದಿತ್ತು ಎನ್ನುವುದರಲ್ಲಿ ಅವನು ಓದಿದ ದಾರಿಯಿದೆ. ಕಟ್ಟನ್ನು ಇದ್ದಂತೆಯೇ ಫೋಟೊ ತೆಗೆದು, ಪ್ರತಿ ಹಾಳೆಯ ಹಿಂದೆ ಮೆತ್ತನೆ ಪೆನ್ಸಿಲಿನಲ್ಲಿ ನಂಬರು ಹಾಕಿ. ತುಕ್ಕು ಹಿಡಿದ ಸ್ಟೇಪ್ಲರ್ ಪಿನ್ನನ್ನು ಎಳೆದರೆ ಕಾಗದವೂ ಜೊತೆಗೆ ಬರುತ್ತದೆ. ಹಿಂಬದಿಯ ಕಾಲುಗಳನ್ನು ಮೊಂಡು ಚಾಕುವಿನಿಂದ ನೆಟ್ಟಗೆ ಮಾಡಿ, ಆಮೇಲೆ ಮುಂದಿನಿಂದ ಎತ್ತಿ. ಹರಿದಲ್ಲಿ ಸೆಲೋಟೇಪ್ ಬೇಡ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಮಳೆಗಾಲದ ತೇವ ಹಿಡಿದಿದ್ದರೆ ಫ್ಯಾನಿನ ಕೆಳಗೆ, ನೆರಳಲ್ಲಿ ಒಣಗಲಿ.

ಹೆಚ್ಚಿನವರು ಎಡವುವುದು ಸ್ಕ್ಯಾನಿಂಗಿನಲ್ಲಿ. ಸೈಕ್ಲೋಸ್ಟೈಲ್ ಹಾಳೆ, ಅಂದರೆ ಮೇಣದ ಸ್ಟೆನ್ಸಿಲ್ ಮೇಲೆ ಟೈಪ್ ಮಾಡಿ ಪ್ರತಿ ತೆಗೆದದ್ದು, ಬಹಳ ಸಲ ಫುಲ್‌ಸ್ಕೇಪ್ ಅಳತೆಯದು, ಉದ್ದ ಸುಮಾರು 13 ಇಂಚು. ಎ4 ಸ್ಕ್ಯಾನರಿನ ಗಾಜು 11.7. ಕತ್ತರಿಸಿ ಹೋಗುವುದು ಕೆಳಗಿನ ಸಾಲು, ಅಂದರೆ ಬೆಲೆ, ವಿಳಾಸ, ಮುದ್ರಕನ ಹೆಸರು. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆಯ ಪ್ರಕಾರ ಮುದ್ರಕನ ಹೆಸರು, ಸ್ಥಳ ಇರಲೇಬೇಕಿತ್ತು. ಅದಿಲ್ಲದ ಕರಪತ್ರ ಸಿಕ್ಕರೆ ಅದನ್ನೂ ಬರೆದಿಡಿ: ಮರೆತದ್ದೋ, ಪೊಲೀಸರ ಭಯವೋ ಎಂದು ಕೇಳುವುದಕ್ಕಾದರೂ ಬೇಕು. ಹಾಳೆಯನ್ನು ಎರಡು ಭಾಗವಾಗಿ, 400 ಡಿಪಿಐನಲ್ಲಿ (ಇಂಚಿಗೆ 400 ಚುಕ್ಕೆ), ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಮೊಬೈಲ್ ಆ್ಯಪಿನ ಕಪ್ಪು-ಬಿಳುಪು ಫಿಲ್ಟರ್ ಪೆನ್ಸಿಲ್ ಗೀಟನ್ನು ಕಲೆ ಎಂದುಕೊಂಡು ಅಳಿಸಿಬಿಡುತ್ತದೆ. ಅಂಚಿನಲ್ಲಿ ಅವನು "ಶುದ್ಧ ಸುಳ್ಳು" ಎಂದು ಗೀಚಿದ್ದರೆ, ನಮ್ಮ ಹತ್ತು ಶ್ರದ್ಧಾಂಜಲಿಗಿಂತ ಅದು ತೂಕದ್ದು.

ಹಳೆಯ ಜೊತೆಗಾರರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿ. ಗುಂಪಿನಲ್ಲಿ ದನಿ ದೊಡ್ಡದಿದ್ದವನ ನೆನಪೇ ಎಲ್ಲರ ನೆನಪಾಗುತ್ತದೆ. "ಯಾಕೆ ಬಂಡೆದ್ದಿರಿ?" ಎಂದರೆ ಭಾಷಣ ಶುರು. ಸ್ಟೆನ್ಸಿಲ್ ಟೈಪ್ ಮಾಡಿದ್ದು ಯಾರ ಆಫೀಸಿನಲ್ಲಿ, ಕಾಗದದ ದುಡ್ಡು ಯಾರದು, ಉಳಿದ ಪ್ರತಿ ಯಾರ ಮಂಚದಡಿ ಇತ್ತು, ಹೀಗೆ ಕೇಳಿ. ಮತ್ತೆ, ಅವನ ಬೈಗುಳ, ಸಾಲ, ಜಗಳ ಇವನ್ನೆಲ್ಲ ತೊಳೆದು ಬರೆಯಬೇಡಿ. ಮನೆಯವರಿಗೆ ನೋವಾಗುವಂಥದ್ದನ್ನು ಬೇರೆ ಲಕೋಟೆಯಲ್ಲಿಟ್ಟು, ಯಾವಾಗ ತೆರೆಯಬಹುದು ಎಂದು ಅವರಿಂದಲೇ ಬರೆಸಿಕೊಳ್ಳಿ.