ಬಿಲ್ಲು ಅಗ್ಗ, ಆಮೇಲಿನ ಕೆಲಸ ಯಾರದು?

ದೊಡ್ಡ ಮಳಿಗೆಯಲ್ಲಿ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ರಾಟೆ ಇರುವ ಬಿಲ್ಲು) ಅಗ್ಗ, ಒಪ್ಪೋಣ. ಆದರೆ ಡ್ರಾ ಲೆಂಗ್ತ್, ಅಂದರೆ ಹೆದೆಯನ್ನು ನೀವು ಎಷ್ಟು ದೂರ ಎಳೆಯುತ್ತೀರಿ ಅನ್ನುವುದನ್ನು ಅಳೆಯಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. ಬಾಣದ ಸ್ಪೈನ್ (ಅದು ಎಷ್ಟು ಬಾಗುತ್ತದೆ ಅನ್ನುವ ಅಳತೆ) ಬಗ್ಗೆ ಕೇಳಿದರೆ ‘ಎಲ್ಲಾ ಒಂದೇ’ ಅನ್ನುತ್ತಾರೆ! ಸ್ಪೈನ್ 500 ಅಂದರೆ 340ಕ್ಕಿಂತ ಜಾಸ್ತಿ ಬಾಗುವ ಬಾಣ. ಬಿರುಸಾದ ಬಿಲ್ಲಿಗೆ ತೀರಾ ಬಾಗುವ ಬಾಣ ಹೂಡಿದರೆ ಬಿಡುವಾಗಲೇ ಮುರಿದು ಕೈಗೆ ಚುಚ್ಚಬಹುದು. ಸುಮ್ನೆ ಗುರಿ ತಪ್ಪುವ ಮಾತಲ್ಲ ಇದು.

ಸಣ್ಣ ಅಂಗಡಿಯವರು ಬಾಣವನ್ನು ಅಳತೆಗೆ ಕತ್ತರಿಸಿ, ಹೆದೆಯಲ್ಲಿ ಪೀಪ್ ಸೈಟ್ (ಗುರಿ ನೋಡುವ ಪುಟ್ಟ ಕಿಂಡಿ) ಕೂರಿಸಿ, ಎದುರಿಗೇ ಹೊಡೆಸಿ ನೋಡುತ್ತಾರೆ. ಬೆಲೆ ಹೋಲಿಸುವಾಗ ಈ ಕೆಲಸ ಯಾರ ಲೆಕ್ಕಕ್ಕೂ ಬರುವುದಿಲ್ಲ.

ಹಾಗಂತ ಇವರೇನು ದೇವರಲ್ಲ. ಬೇರೆ ಕಡೆ ಕೊಂಡ ಬಿಲ್ಲಿಗೆ ಹೆದೆ ಬದಲಿಸಿ ಅಂದರೆ ಮುಖ ಗಂಟಿಕ್ಕುತ್ತಾರೆ. ಬಿಲ್ಲನ್ನು ಅದುಮಿ ಹೆದೆ ಸಡಿಲಿಸುವ ಬೋ ಪ್ರೆಸ್ ಇಲ್ಲದೆ ಮನೆಯಲ್ಲಿ ಮಾಡುವ ಕೆಲಸವಾ ಅದು? ದುಡ್ಡು ಕೊಡುತ್ತೇವೆ ಅಂದರೂ ಯಾಕಪ್ಪಾ ಈ ಸಿಡುಕು!